ಒಂಬತ್ತು ಮನೆಗಳ ಬೆನ್ನಿಗಿದ್ದ ಕೋಟೆ ಗೋಡೆ

2018ರ ಫೆಬ್ರವರಿ. ಬೆಂಗಳೂರಿನ ದಕ್ಷಿಣಕ್ಕಿರುವ ಒಂದು ತಾಲ್ಲೂಕು ಕಚೇರಿಯಲ್ಲಿ ನಾನಾಗ ಸರ್ವೆ ಸೂಪರ್‌ವೈಸರ್. ನಿವೃತ್ತಿಗೆ ಮೂರು ವರ್ಷ ಚಿಲ್ಲರೆ ಬಾಕಿ ಇತ್ತು. ನಾನು ಭೂಮಾಪನ ಇಲಾಖೆಗೆ ಸೇರಿದ ಕಾಲದಲ್ಲಿ ಹೆಂಗಸು ಸರಪಳಿ ಹಿಡಿದು ಅಳೆಯುವುದನ್ನು ನೋಡಲೆಂದೇ ಬದುವಿನ ಮೇಲೆ ಜನ ಸೇರುತ್ತಿದ್ದರು. "ಈಯಮ್ಮ ಅಳೀತಾಳಂತೆ!" ಎಂದು ಹಲ್ಲು ಕಿರಿದವರನ್ನು ನಾನು ಬಿಡುತ್ತಿರಲಿಲ್ಲ. ಅವರ ಜಮೀನನ್ನೇ ಮೊದಲು ಅಳೆದು, ಪಕ್ಕದವನ ಹೊಲಕ್ಕೆ ಎಷ್ಟು ನುಗ್ಗಿದ್ದಾರೆಂದು ಅಲ್ಲೇ ಎಲ್ಲರೆದುರು ಹೇಳಿಬಿಡುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕಚೇರಿಯಲ್ಲಿ ಹೆಸರಿತ್ತು. ಆದರೆ ನನ್ನ ಅಳತೆ ತಪ್ಪಿತು ಎಂದು ಹೇಳಿದವರು ಒಬ್ಬರೂ ಇಲ್ಲ. ಆ ಜಂಬ ಈಗಲೂ ಸ್ವಲ್ಪ ಉಳಿದಿದೆ. ಈಗ ಹೇಳಹೊರಟಿರುವ ಪ್ರಕರಣದಲ್ಲೂ ನನ್ನ ಅಳತೆ ಒಂದಿಂಚೂ ತಪ್ಪಿರಲಿಲ್ಲ. ಅದಕ್ಕೇ ಇದನ್ನು ನೆನೆದರೆ ಹೆಚ್ಚು ಸಂಕಟವಾಗುತ್ತದೆ.

ಆ ತಿಂಗಳು ನನ್ನ ಮೇಜಿಗೆ ಬಂದದ್ದು ಒಂದು ಕೋಟೆ ಗೋಡೆಯ ಕಡತ. ಬೇಗೂರು ದಾಟಿ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವಾಗ ಸಿಗುವ ಒಂದು ಊರು. ಅಲ್ಲಿಯವರಿಗೆ ಮುಜುಗರವಾಗಬಾರದೆಂದು ಅದನ್ನು ಚಿಕ್ಕಕೋಟೆ ಎಂದು ಕರೆಯುತ್ತೇನೆ. ಯಾವನೋ ಪಾಳೆಯಗಾರ ಕಟ್ಟಿಸಿದ ಮಣ್ಣಿನ ಕೋಟೆ ಅದು. ಬುಡಕ್ಕೆ ಎರಡು ಸಾಲು ದಪ್ಪ ಕಲ್ಲು, ಅದರ ಮೇಲೆ ಪೂರ್ತಿ ತುಳಿದು ಹದ ಮಾಡಿದ ಕೆಮ್ಮಣ್ಣು. ಹಳೆಯ ಗ್ರಾಮನಕ್ಷೆಯಲ್ಲಿ ಅದು ಊರನ್ನು ನಾಲ್ಕೂ ಕಡೆ ಸುತ್ತಿದ ಚೌಕ. 2018ರ ಹೊತ್ತಿಗೆ ದಕ್ಷಿಣದ ಒಂದು ಪಕ್ಕ ಮಾತ್ರ ಉಳಿದಿತ್ತು. ಉಳಿದಿರುವುದನ್ನಾದರೂ ಸಂರಕ್ಷಿಸಬೇಕು, ಗೋಡೆಗೆ ಅಂಟಿಕೊಂಡಿರುವ ಒತ್ತುವರಿಗಳನ್ನು ತೆಗೆಸಬೇಕು ಎಂದು ಒಬ್ಬರು ಅರ್ಜಿ ಹಾಕಿದ್ದರು. ಗೋಡೆಯ ಗಡಿ ಗುರುತಿಸಿ, ಅದರ ಜಾಗದಲ್ಲಿ ಯಾರು ಯಾರು ಎಷ್ಟೆಷ್ಟು ಇದ್ದಾರೆ ಎಂದು ಅಳೆದು ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಅರ್ಜಿದಾರರ ಹೆಸರು ಶಿವಲೀಲಾ. ಹಾವೇರಿ ಕಡೆಯವರು, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ಹಣೆಯ ಮೇಲೆ ವಿಭೂತಿ, ಹೆಗಲಲ್ಲಿ ಬಟ್ಟೆಯ ಚೀಲ, ಚೀಲದ ತುಂಬ ಗೋಡೆಯ ಫೋಟೋಗಳು. ನಿಜವಾದ ಕಾಳಜಿಯ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಊರಿನ ಪಶ್ಚಿಮಕ್ಕೆ ಎದ್ದಿದ್ದ ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿ ಅವರ ಮನೆ. ಸ್ಥಳ ನೋಡಲು ಹೋದ ಮೊದಲ ದಿನವೇ ನನ್ನನ್ನು ಬಾಲ್ಕನಿಗೆ ಕರೆದೊಯ್ದು ಕೆಳಗೆ ತೋರಿಸಿದರು.

"ನೋಡ್ರಿ ಮೇಡಂ, ಕೋಟೆ ಗ್ವಾಡಿ ಎಲ್ಲೈತಿ ಹೇಳ್ರಿ ನೋಡೂಣು? ಬರೇ ತಗಡು! ಹಿಂಗs ಇನ್ನೊಂದು ಹತ್ತು ವರ್ಷ ಬಿಟ್ರ ಮಣ್ಣೂ ಉಳಿಯಂಗಿಲ್ಲ."

ಅವರು ಹೇಳಿದ್ದು ಕಣ್ಣಿಗೆ ಕಾಣುತ್ತಿತ್ತು. ಗೋಡೆಯ ಹೊರಮೈಗೆ ಒರಗಿಕೊಂಡು ಒಂಬತ್ತು ಮನೆಗಳು ಸಾಲಾಗಿ ನಿಂತಿದ್ದವು. ಅವುಗಳ ತಗಡಿನ ಛಾವಣಿ ಗೋಡೆಯ ನೆತ್ತಿಯನ್ನೂ ದಾಟಿ ಆಚೆ ಪಕ್ಕಕ್ಕೆ ಇಳಿದಿತ್ತು. ಮೇಲಿನಿಂದ ನೋಡಿದವರಿಗೆ ಅಲ್ಲೊಂದು ಕೋಟೆ ಇದೆ ಎಂದು ಆಣೆ ಮಾಡಿ ಹೇಳಿದರೂ ನಂಬಿಕೆ ಬರುತ್ತಿರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಪಿ.ಜಿ. ಹಾಸ್ಟೆಲುಗಳು, ನೀರಿನ ಟ್ಯಾಂಕರುಗಳು, ಕಂಪನಿ ಬಸ್ಸುಗಳು. ಹಿಂದೆ ಕಂದಕವಿದ್ದ ಕಡೆ ಮೋರಿ ಹರಿಯುತ್ತಿತ್ತು.

ಮರುದಿನ ಮೆಷಿನ್ ಹೊತ್ತುಕೊಂಡು ಕೆಳಗಿನಿಂದ ಹೋದೆ. ಸರಪಳಿ ಕಾಲ ಮುಗಿದಿತ್ತು. ಟೋಟಲ್ ಸ್ಟೇಷನ್ ಎಂಬ ಯಂತ್ರವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಗುರಿಯಿಟ್ಟರೆ ದೂರ, ಎತ್ತರ, ಕೋನ ಎಲ್ಲವನ್ನೂ ಅದೇ ಲೆಕ್ಕ ಹಾಕುತ್ತದೆ. ಐದನೇ ಮನೆಯ ಮುಂದೆ ಒಂದು ಮಣ್ಣಿನ ಗುಡ್ಡೆ ಕಂಡಿತು. ಎತ್ತರದ ಜಾಗ ಸಿಕ್ಕಿತಲ್ಲ ಎಂದು ಅದರ ಮೇಲೆ ಮುಕ್ಕಾಲಿ ಊರಿದೆ. ಒಳಗಿನಿಂದ ಒಬ್ಬ ಹೆಂಗಸು ಓಡಿ ಬಂದರು.

"ಅಯ್ಯಯ್ಯೋ, ತೆಗೀರಿ ಮೇಡಂ ಅದನ್ನ! ಮೂರು ದಿನದಿಂದ ಕೊಳೆಹಾಕಿರೋ ಮಣ್ಣು ಅದು. ನಿಮ್ಮ ಕ್ಯಾಮರಾ ನಿಲ್ಸೋಕೆ ಬೇರೆ ಜಾಗ ಸಿಗ್ಲಿಲ್ವಾ?"

ಅದು ಕ್ಯಾಮರಾ ಅಲ್ಲ ಎಂದು ನಾನು ಗದರಿದೆ. "ಏನಾರ ಆಗ್ಲಿ, ಮಣ್ಣಿಂದ ಇಳ್ಸಿ" ಎಂದು ಅವರೂ ಗದರಿದರು. ಅವರೇ ಪಿಳ್ಳಮ್ಮ. ಐವತ್ತರ ಆಸುಪಾಸು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಕೈಕೆಳಗೆ ಹನ್ನೆರಡು ಹೆಂಗಸರು, ಹಾಗಾಗಿ ಗದರುವುದು ಅವರಿಗೂ ಅಭ್ಯಾಸ. "ನೀವೂ ಸೂಪರ್‌ವೈಸರ್, ನಾನೂ ಸೂಪರ್‌ವೈಸರ್, ಸರಿಹೋಯ್ತು ಬಿಡಿ" ಎಂದು ನಕ್ಕು ಕಾಫಿ ಕೊಟ್ಟರು. ನಮ್ಮಿಬ್ಬರಿಗೆ ಅವತ್ತೇ ಒಗ್ಗಿಹೋಯಿತು.

ಕೊಳೆಹಾಕಿದ ಮಣ್ಣು ಯಾಕೆ ಎಂದು ಕೇಳಿದ್ದಕ್ಕೆ ಗೋಡೆ ಬಳಿಯುವ ವಿಚಾರ ಹೊರಬಿತ್ತು. ಪ್ರತಿ ವರ್ಷ ಯುಗಾದಿಗೆ ಮುಂಚೆ ಒಂಬತ್ತು ಮನೆಯವರೂ ಸೇರಿ ಗೋಡೆಯ ಎರಡೂ ಮೈಗೆ ಮಣ್ಣು ಬಳಿಯುತ್ತಾರೆ. ಕೆಮ್ಮಣ್ಣಿಗೆ ಸೆಗಣಿ, ಸಣ್ಣಗೆ ಕತ್ತರಿಸಿದ ರಾಗಿಹುಲ್ಲು ಸೇರಿಸಿ ನೀರಲ್ಲಿ ಕೊಳೆಸಿ, ತುಳಿದು, ಅಂಗೈಯಲ್ಲಿ ಒತ್ತಿ ಒತ್ತಿ ಹಚ್ಚುವುದು. ಮೊದಲು ಕೆರೆಯಿಂದ ಮಣ್ಣು ತರುತ್ತಿದ್ದರಂತೆ. ಕೆರೆಗೆ ಚರಂಡಿ ನೀರು ಸೇರಿದ ಮೇಲೆ ಅದು ನಿಂತು, ಈಗ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟ್ ಅಗೆಯುವ ಕಡೆಯಿಂದ ಟ್ರಾಕ್ಟರ್ ಡ್ರೈವರನಿಗೆ ಹೇಳಿ ಒಂದು ಲೋಡ್ ತರಿಸಿಕೊಳ್ಳುತ್ತಿದ್ದರು. ಸೆಗಣಿಗೆ ಎರಡನೇ ಮನೆಯ ಎರಡು ಹಸುಗಳೇ ಗತಿ.

"ಸಿಮೆಂಟ್ ಬಳಿಸಿಬಿಡಬಾರದಾ? ವರ್ಷಾ ವರ್ಷಾ ಈ ಒದ್ದಾಟ ಯಾಕೆ?" ಎಂದೆ.

"ಐ, ಸಿಮೆಂಟ್ ಬಳಿದ್ರೆ ಮಣ್ಣಿನ ಗೋಡೆ ಉಸಿರುಕಟ್ಟಿ ಸಾಯ್ತದೆ ಮೇಡಂ. ಮೂಲೆ ಮನೆಯೋರು ಬಳಿಸಿದ್ರು. ಎರಡೇ ಮಳೆ. ಸಿಮೆಂಟೂ ಬಿತ್ತು, ಅದ್ರ ಜೊತೆಗೆ ಒಂದಾಳುದ್ದ ಮಣ್ಣೂ ಬಿತ್ತು. ಆಮೇಲೆ ನಾವೇ ಓಗಿ ತುಂಬಿದ್ವಿ."

ಗೋಡೆಯ ಉಳಿದ ಮೂರು ಪಕ್ಕ ಏನಾಯಿತು ಎಂದು ಯಾವ ಕಡತದಲ್ಲೂ ಇರಲಿಲ್ಲ. ಅದನ್ನೂ ಪಿಳ್ಳಮ್ಮನೇ ಬೆರಳು ಮಡಿಚಿ ಹೇಳಿದರು.

"ಬಡಗಲು ಕಡೇದು ಒಲಕ್ಕೋಯ್ತು. ಹಳೇ ಮಣ್ಣು ರಾಗಿಗೆ ಒಳ್ಳೇ ಗೊಬ್ಬರ ಅಂತ ನಮ್ ಮಾವನೇ ಗಾಡಿಗಟ್ಲೆ ಒಡ್ದವ್ರೆ, ಸುಳ್ಯಾಕೆ ಏಳ್ಲಿ. ಮೂಡ್ಲು ಕಡೇದು ರೋಡಿಗೋಯ್ತು. ಪಡುವ್ಲು ಕಡೇದು ಅಗೋ, ಆ ಅಪಾರ್ಟ್‌ಮೆಂಟ್ ಪಾಯ ತೆಗೆಯೋವಾಗ ಒಂದೇ ದಿನದಾಗೆ ಜೆಸಿಬಿ ಬಾಯಿಗೋಯ್ತು. ನಮ್ ಬೆನ್ನಿಗಿರೋದು ಮಾತ್ರ ಉಳ್ಕೊಂತು. ಒರಗಿರೋ ಗೋಡೆನ ಯಾರಾದ್ರೂ ಕೆಡುವ್ಕೊಂತಾರಾ?"

ಬೆರಳು ತೋರಿಸಿದ ಅಪಾರ್ಟ್‌ಮೆಂಟ್ ಶಿವಲೀಲಾ ಅವರದೇ. ಈ ವಿಷಯವನ್ನು ನಾನು ಆಗ ಶಿವಲೀಲಾ ಅವರಿಗೆ ಹೇಳಲಿಲ್ಲ. ನಮ್ಮ ಕೆಲಸದಲ್ಲಿ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವುದು ರೂಢಿ.

ಅಳತೆ ನಾಲ್ಕು ದಿನ ಹಿಡಿಯಿತು. ಉಳಿದಿದ್ದ ಗೋಡೆಯ ಉದ್ದ 218 ಅಡಿ. ಬುಡದಲ್ಲಿ ದಪ್ಪ ಒಂಬತ್ತು ಅಡಿ, ನೆತ್ತಿಯಲ್ಲಿ ನಾಲ್ಕು, ಎತ್ತರ ಹದಿನಾಲ್ಕು. ಒಂದೊಂದು ಮನೆಯೂ ಗೋಡೆಯ ದಪ್ಪದೊಳಕ್ಕೆ ಒಂದೂವರೆಯಿಂದ ಎರಡು ಅಡಿ ಕೊರೆದುಕೊಂಡಿತ್ತು. ಪಾತ್ರೆಗೆ ಗೂಡು, ದೇವರಿಗೆ ಗೂಡು, ಒಂದು ಮನೆಯಲ್ಲಿ ಟಿ.ವಿ.ಗೂ ಗೂಡು. ಪಿಳ್ಳಮ್ಮನ ಮನೆಯ ಹಿಂದಿನ ಕೋಣೆಗೆ ಕಾಲಿಟ್ಟರೆ ಫೆಬ್ರವರಿಯ ಬಿಸಿಲಿನಲ್ಲೂ ತಣ್ಣಗಿತ್ತು. ಆ ವಾರವಷ್ಟೇ ಬಳಿದ ಗೋಡೆಯ ಮೇಲೆ ಬೆರಳಿನ ಗೆರೆಗಳು ಸಾಲುಸಾಲಾಗಿ ಕಾಣುತ್ತಿದ್ದವು. ಆ ಕೋಣೆಯನ್ನು ನಾನು 11 ಅಡಿ 4 ಇಂಚು, 9 ಅಡಿ 2 ಇಂಚು ಎಂದು ಬರೆದುಕೊಂಡೆ.

ಐದನೆಯ ದಿನ ಮಹಜರು. ಸ್ಥಳದಲ್ಲಿ ಕಂಡದ್ದನ್ನು ಬರೆದು, ಹಾಜರಿದ್ದವರಿಗೆ ಓದಿ ಹೇಳಿ, ಅವರ ಸಹಿ ಪಡೆಯುವ ಕಾಗದಕ್ಕೆ ನಮ್ಮಲ್ಲಿ ಮಹಜರು ಎನ್ನುತ್ತಾರೆ. ಮುಂದೆ ಕೋರ್ಟಿಗೆ ಹೋದರೂ ಅದೇ ಆಧಾರ. ಅದರ ಜೊತೆಗಿದ್ದ ತಖ್ತೆಯಲ್ಲಿ ಐದು ಕಾಲಂಗಳಿದ್ದವು. ಕ್ರಮಸಂಖ್ಯೆ, ವಾಸವಿರುವವರ ಹೆಸರು, ಅಳತೆ, ಕಟ್ಟಡದ ಬಗೆ, ಕೊನೆಗೆ ಷರಾ. ಷರಾ ಎಂದರೆ ಅಳೆದವರ ಅಭಿಪ್ರಾಯ. ಮೇಲಿನ ಅಧಿಕಾರಿಗಳು ಮೊದಲು ಕಣ್ಣಾಡಿಸುವುದು ಅಲ್ಲಿಗೇ.

ಈಗ ನನ್ನ ವೃತ್ತಿಯ ಒಂದು ಗುಟ್ಟನ್ನು ಹೇಳಿಬಿಡಬೇಕು. ನಾವು ಷರಾ ಕಾಲಂ ಅನ್ನು ಸ್ಥಳದಲ್ಲಿ ತುಂಬುತ್ತಿರಲಿಲ್ಲ. ಖಾಲಿ ಬಿಟ್ಟು ಸಹಿ ಹಾಕಿಸಿಕೊಂಡು, ಕಚೇರಿಗೆ ಬಂದು ಫ್ಯಾನಿನ ಕೆಳಗೆ ಕೂತು ತುಂಬುತ್ತಿದ್ದೆವು. ಜನರ ಎದುರಿಗೆ 'ಒತ್ತುವರಿ' ಎಂದು ಬರೆದರೆ ಗಲಾಟೆ, ಕೂಗಾಟ, ಕೆಲವೊಮ್ಮೆ ಕಲ್ಲೂ ಬೀಳುತ್ತದೆ. ನನ್ನ ಹಿರಿಯರು ನನಗೆ ಹಾಗೇ ಕಲಿಸಿದ್ದರು, ನಾನು ನನ್ನ ಕಿರಿಯರಿಗೆ ಹಾಗೇ ಕಲಿಸಿದ್ದೆ. ಯಾರಿಗೂ ಅದು ತಪ್ಪೆಂದು ಅನಿಸಿರಲಿಲ್ಲ.

ಒಂಬತ್ತು ಮನೆಯವರೂ ಬಂದು ಬೀದಿಯಲ್ಲಿ ನಿಂತರು. ನಾನು ಹೆಸರು, ಅಳತೆ, ಬಗೆ ಮೂರನ್ನೂ ಗಟ್ಟಿಯಾಗಿ ಓದಿದೆ. ಎಲ್ಲರೂ ತಲೆಯಾಡಿಸಿದರು. ಪಿಳ್ಳಮ್ಮ ಮಾತ್ರ ಪೆನ್ನು ಹಿಡಿದು ನಿಂತುಬಿಟ್ಟರು.

"ಎಲ್ಲಾ ಸರಿ ಮೇಡಂ. ಇನ್ನೊಂದು ಮಾತು ಬರ್ಕಳಿ. ಈ ಗೋಡೆನ ವರ್ಸಾ ವರ್ಸಾ ನಾವು ಬಳೀತೀವಿ, ತಗಡು ನಾವು ಒದಿಸಿದೀವಿ, ಅದಕ್ಕೇ ಇದು ನಿಂತದೆ ಅಂತ. ನೀವೇ ಕಣ್ಣಾರೆ ನೋಡೀರಲ್ಲ."

ನಾನು ಗಡಿಯಾರ ನೋಡಿದೆ. ಮಧ್ಯಾಹ್ನ ಸರ್ಜಾಪುರದ ಹತ್ತಿರ ಇನ್ನೊಂದು ಅಳತೆಯಿತ್ತು, ಟ್ರಾಫಿಕ್ ಬೇರೆ. "ಅದಕ್ಕೆಲ್ಲ ಕಾಲಂ ಇಲ್ಲ ಕಣಮ್ಮ" ಎಂದೆ.

"ಈ ಕೊನೇದು ಖಾಲಿ ಐತಲ್ಲ?"

"ಅದು ಆಫೀಸಿನದು."

"ಸರಿ ಬಿಡಿ. ನಿಮ್ಮನ್ನ ನಂಬಿ ಆಕ್ತೀನಿ" ಎಂದು ಸಹಿ ಹಾಕಿದರು. ಅವರು ಹಾಕಿದ ಮೇಲೆ ಉಳಿದ ಎಂಟು ಮನೆಯವರೂ ಹಾಕಿದರು.

ಎರಡು ದಿನ ಬಿಟ್ಟು ಕಚೇರಿಯಲ್ಲಿ ತಖ್ತೆ ಮುಂದಿಟ್ಟುಕೊಂಡೆ. ಪಿಳ್ಳಮ್ಮ ಹೇಳಿದ್ದು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. 'ನಿವಾಸಿಗಳೇ ಗೋಡೆಯನ್ನು ಪ್ರತಿ ವರ್ಷ ದುರಸ್ತಿ ಮಾಡುತ್ತಿರುವುದು ಕಂಡುಬಂದಿದೆ' ಎಂಬ ವಾಕ್ಯವೂ ತಲೆಯಲ್ಲಿ ತಯಾರಾಗಿತ್ತು. ಅಷ್ಟು ಬರೆದಿದ್ದರೆ ಮೇಲಿನವರು ಇದೇನು ಎಂದು ಕೇಳುತ್ತಿದ್ದರು, ಒತ್ತುವರಿದಾರರ ಪರವಾಗಿ ಬರೆದೆ ಎಂದು ಯಾರಾದರೂ ಗುಮಾನಿ ಪಡುತ್ತಿದ್ದರು. ಅಳತೆಗೆ ಇಂಥ ಉಸಾಬರಿ ಯಾಕೆ ಎನಿಸಿತು. ಜೊತೆಗೆ, ಕೋಟೆ ಉಳಿಸುವ ಕೆಲಸವೇ ತಾನೆ ನಡೆಯುತ್ತಿರುವುದು, ಒಳ್ಳೆಯದೇ ಅಲ್ಲವೆ ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ. ಮೊದಲ ಸಾಲಿನ ಷರಾದಲ್ಲಿ 'ಸರ್ಕಾರಿ ಜಾಗದ ಒತ್ತುವರಿ' ಎಂದು ಬರೆದೆ. ಕೆಳಗಿನ ಎಂಟು ಸಾಲುಗಳಿಗೆ ಅದನ್ನೇ ಮತ್ತೆ ಬರೆಯುವ ಬೇಸರಕ್ಕೆ 'ಸದರಿ', 'ಸದರಿ' ಎಂದು ಎಳೆದೆ. ಎರಡು ನಿಮಿಷದ ಕೆಲಸ.

ಆರು ತಿಂಗಳಲ್ಲಿ ಮನೆಗಳಿಗೆ ನೋಟಿಸು ಹೋಯಿತು. ನೋಟಿಸು ಕೈಗೆ ಬಂದ ಮರುದಿನವೇ ಪಿಳ್ಳಮ್ಮ ಡ್ಯೂಟಿಗೆ ರಜೆ ಹಾಕಿ ನನ್ನ ಮೇಜಿನ ಮುಂದೆ ಬಂದು ನಿಂತರು. ಅವರಿಗೆ ಕೂಗಾಡಲು ಬರುತ್ತಿತ್ತು ಎಂದು ನನಗೆ ಗೊತ್ತಿತ್ತು. ಅವತ್ತು ಕೂಗಲಿಲ್ಲ. ತಖ್ತೆಯ ನಕಲನ್ನು ಮೇಜಿನ ಮೇಲೆ ಹರಡಿ, ಕೊನೆಯ ಕಾಲಂ ಮೇಲೆ ಬೆರಳಿಟ್ಟರು.

"ನೀವು ಓದಿ ಏಳ್ದಾಗ ಈ ಮಾತಿರ್ಲಿಲ್ಲ."

"ಅದು ಕಾನೂನು ಪ್ರಕಾರ ಬರೆಯೋದು. ನಾನು ಅಳೆದಿದ್ದೀನಿ ಅಷ್ಟೇ, ತೀರ್ಮಾನ ನನ್ನದಲ್ಲ" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದನ್ನು ಸರ್ಕಾರಿ ಕೆಲಸ ನಮಗೆ ಚೆನ್ನಾಗಿ ಕಲಿಸಿರುತ್ತದೆ. ಬೇಕಿದ್ದರೆ ಆಕ್ಷೇಪಣೆ ಸಲ್ಲಿಸಿ ಎಂದೂ ಸೇರಿಸಿದೆ. ಅವರು ಸಲ್ಲಿಸಿದರು. ನಿವಾಸಿಗಳೇ ಸಹಿ ಮಾಡಿದ ಮಹಜರು ಇರುವುದರಿಂದ ಆಕ್ಷೇಪಣೆಗೆ ಆಧಾರವಿಲ್ಲ ಎಂದು ಅದು ತಿರಸ್ಕಾರವಾಯಿತು. ಅವರು ನನ್ನನ್ನು ನಂಬಿ ಹಾಕಿದ ಸಹಿಯೇ ಅವರ ವಿರುದ್ಧ ಸಾಕ್ಷಿಯಾಗಿ ನಿಂತಿತು.

2018ರ ಡಿಸೆಂಬರಿನಲ್ಲಿ ಮನೆಗಳು ತೆರವಾದವು. ಒಂಬತ್ತು ಕುಟುಂಬಗಳಿಗೂ ಸರ್ಜಾಪುರದಿಂದ ಆಚೆಗೆ ಬಹುಮಹಡಿ ಕಟ್ಟಡದಲ್ಲಿ ಒಂದೊಂದು ಮನೆ ಸಿಕ್ಕಿತು. ಬೀದಿಗೆ ಬೀಳಲಿಲ್ಲವಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ತಗಡು ಇಳಿಸಿದ ಮೇಲೆ ಗೋಡೆ ಪೂರ್ತಿ ಹೊರಗೆ ಬಂತು. ಸುತ್ತ ಕಬ್ಬಿಣದ ಬೇಲಿ ಹಾಕಿ, ಫಲಕ ನಿಲ್ಲಿಸಿ, ಒಬ್ಬ ಕಾವಲುಗಾರನನ್ನು ಕೂರಿಸಿದರು. ಶಿವಲೀಲಾ ಮೇಡಂ ಫೋಟೋ ಕಳಿಸಿದರು. ನಿಜವಾಗಲೂ ಚೆನ್ನಾಗಿ ಕಾಣುತ್ತಿತ್ತು. ಉದ್ದಕ್ಕೂ ಕೆಂಪಗೆ, ಅಲ್ಲಲ್ಲಿ ಒಂಬತ್ತು ಮನೆಗಳ ಗೂಡುಗಳು. ತಜ್ಞರು ಬಂದು ಮುಂದಿನ ದುರಸ್ತಿ ಮಾಡುತ್ತಾರೆ, ಅಂದಾಜು ತಯಾರಾಗುತ್ತಿದೆ ಎಂದು ಬರೆದಿದ್ದರು.

2019ರ ಯುಗಾದಿಗೆ ಹತ್ತು ದಿನ ಮುಂಚೆ ನನ್ನ ಮೊಬೈಲಿಗೆ ಪಿಳ್ಳಮ್ಮನ ಫೋನು ಬಂತು. ಹಿಂದೆ ಗಾಡಿಗಳ ಸದ್ದು.

"ಮೇಡಂ, ನಾನು ಪಿಳ್ಳಮ್ಮ. ಕೋಟೆ ಹತ್ರ ಇದೀನಿ. ಮಣ್ಣು ಬಳಿಯಾಕೆ ಅಂತ ನಾಲ್ಕು ಜನ ಬಂದಿದೀವಿ, ಈ ವಾಚ್‌ಮ್ಯಾನಣ್ಣ ಒಳಗೆ ಬಿಡ್ತಾ ಇಲ್ಲ. ಸಂರಕ್ಷಿತ ಅಂತೆ, ಮುಟ್ಟಂಗಿಲ್ಲ ಅಂತೆ. ಮೇಲೆ ತಗಡೂ ಇಲ್ಲ. ಈ ವರ್ಸ ಬಳೀದಿದ್ರೆ ಮುಂಗಾರಿಗೆ ನಿಲ್ಲಾಕಿಲ್ಲ ಇದು. ಒಂದು ಮಾತು ಏಳಿ ಅವನ್ಗೆ."

ಮನೆ ಕಳೆದುಕೊಂಡ ಹೆಂಗಸು, ಎರಡು ಬಸ್ಸು ಬದಲಾಯಿಸಿ, ತನ್ನದಲ್ಲದ ಗೋಡೆಗೆ ಮಣ್ಣು ಮೆತ್ತಲು ಬಂದಿದ್ದರು. ಯಾಕೆ ಬಂದರು ಎಂದು ನಾನು ಕೇಳಲಿಲ್ಲ. ಮೀಟಿಂಗಿಗೆ ಕರೆ ಬಂದಿತ್ತು. "ಅದು ನಮ್ಮ ಇಲಾಖೆಗೆ ಬರಲ್ಲ ಪಿಳ್ಳಮ್ಮ, ಅವರಿಗೇ ಒಂದು ಅರ್ಜಿ ಕೊಡಿ" ಎಂದೆ. "ಸರಿ ಮೇಡಂ" ಎಂದು ಫೋನಿಟ್ಟರು. ಕಾವಲುಗಾರನ ಕೈಗೆ ಫೋನ್ ಕೊಡಿ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಅವನು ನನ್ನ ಮಾತು ಕೇಳುತ್ತಿದ್ದನೋ ಇಲ್ಲವೋ, ಅದು ಬೇರೆ ಪ್ರಶ್ನೆ. ನಾನು ಹೇಳಲಿಲ್ಲ.

ಆ ವರ್ಷದ ಮೊದಲ ಮಳೆಗಳಿಗೇ ಗೋಡೆಯ ನೆತ್ತಿ ಕರಗಿತು. ನೀರು ಮೇಲಿನಿಂದ ಒಳಕ್ಕಿಳಿದು, ಗೂಡುಗಳ ಬಾಯಿಂದ ಹೊರಬಂತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಶಿವಲೀಲಾ ಅವರ ಫೋನು. "ಜಲ್ದಿ ಬರ್ರಿ ಮೇಡಂ. ಗ್ವಾಡಿ ಬಿದ್ದೈತಿ."

ಹೋಗಿ ನೋಡಿದಾಗ ನಡುವಿನಲ್ಲಿ ಎಪ್ಪತ್ತು ಅಡಿಯಷ್ಟು ಗೋಡೆ ಕೂತುಬಿಟ್ಟಿತ್ತು. ಮೂರು, ನಾಲ್ಕು, ಐದನೇ ಮನೆಗಳಿದ್ದ ಭಾಗ. ಕೆಂಪು ಕೆಸರು ಬೇಲಿಯ ಕೆಳಗಿನಿಂದ ಹರಿದು ಮೋರಿಗೆ ಇಳಿಯುತ್ತಿತ್ತು. ಶಿವಲೀಲಾ ಸೀರೆ ಎತ್ತಿ ಕಟ್ಟಿಕೊಂಡು, ಎಲ್ಲಿಂದಲೋ ತಂದ ಟಾರ್ಪಾಲನ್ನು ಉಳಿದ ಭಾಗಕ್ಕೆ ಹೊದಿಸಲು ಒದ್ದಾಡುತ್ತಿದ್ದರು. ನಾನೂ ಚಪ್ಪಲಿ ಬಿಟ್ಟು ಇನ್ನೊಂದು ತುದಿ ಹಿಡಿದೆ. ಗಾಳಿಗೆ ಅದು ನಿಲ್ಲಲಿಲ್ಲ. ಒದ್ದೆಯಾಗಿ ಪಕ್ಕದ ಅಂಗಡಿಯ ಮಾಡಿನ ಕೆಳಗೆ ನಿಂತಾಗ, ಪಿಳ್ಳಮ್ಮ ಹೇಳಿದ್ದನ್ನೆಲ್ಲ ನಾನು ಅವರಿಗೆ ಮೊದಲ ಬಾರಿ ಹೇಳಿದೆ. ವರ್ಷ ವರ್ಷ ಬಳಿಯುವುದು, ತಗಡು ಹೊದಿಸಿದ್ದು, ಪಶ್ಚಿಮದ ಗೋಡೆ ಹೋದದ್ದು, ಎಲ್ಲವನ್ನೂ. ಅವರು ತಿರುಗಿ ತಮ್ಮ ಅಪಾರ್ಟ್‌ಮೆಂಟಿನ ಕಡೆ ನೋಡಿದರು.

"ಹಂಗಾದ್ರ ನಾ ಇರೋ ಬಿಲ್ಡಿಂಗs ಕೋಟೆ ಮ್ಯಾಲ ಕುಂತೈತಿ" ಎಂದರು. "ಅಲ್ಲಿ ನಿಂತು ಇವ್ರನ್ನ ಒತ್ತುವರಿ ಅಂದೆ ನೋಡ್ರಿ ನಾನು. ನಿಮಗ ಗೊತ್ತಿತ್ತಲ್ರೀ ಮೇಡಂ. ಆವಾಗs ಒಂದು ಮಾತು ಅಂದಿದ್ರ ಅರ್ಜಿ ಬ್ಯಾರೆ ಥರ ಬರೀತಿದ್ದೆ. ಅವ್ರನ್ನ ಇಟ್ಟುಕೊಂಡs ಉಳಸ್ರಿ ಅಂತಿದ್ದೆ."

ನನಗೆ ಕೋಪ ಬರಬೇಕಿತ್ತು. ನನ್ನ ಸ್ವಭಾವಕ್ಕೆ ಅದೇ ಸಹಜ. ಬರಲಿಲ್ಲ. ನಾಚಿಕೆಯಾಯಿತು, ಅಷ್ಟೇ.

ಆ ವಾರವೇ ಕೂತು ಒಂದು ಪೂರಕ ವರದಿ ಬರೆದೆ. ಹಿಂದಿನ ವರದಿಯಲ್ಲಿ ನಿವಾಸಿಗಳ ವಾರ್ಷಿಕ ದುರಸ್ತಿಯ ವಿಷಯ ದಾಖಲಾಗಿಲ್ಲ, ಅದು ನನ್ನ ಲೋಪ, ಅವರಿಗೆ ಗೋಡೆ ಬಳಿಯಲು ತಕ್ಷಣ ಅನುಮತಿ ಕೊಡಬೇಕು ಎಂದು ಸ್ಪಷ್ಟವಾಗಿ ಬರೆದು ಸಹಿ ಮಾಡಿದೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು. ವಿಷಯ ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಮುಂದಿನ ಯುಗಾದಿಯ ದಿನವೇ ದೇಶಕ್ಕೆಲ್ಲ ಲಾಕ್‌ಡೌನ್ ಆಗಿ, ಅಂದಾಜಿನ ಕಡತವೂ ಎಲ್ಲೋ ಮಲಗಿತು. 2020ರ ಮಳೆಗೆ ಉಳಿದದ್ದರಲ್ಲಿ ಹೆಚ್ಚು ಭಾಗ ಬಿತ್ತು. 218 ಅಡಿಯಲ್ಲಿ ಈಗ ಇರುವುದು ಪೂರ್ವದ ತುದಿಯ 31 ಅಡಿ. ಬಿದ್ದ ಮಣ್ಣನ್ನು ಲಾರಿಯಲ್ಲಿ ಸಾಗಿಸಿದರು. ಬೇಲಿಯ ಉದ್ದಕ್ಕೂ ಪಿ.ಜಿ. ಹಾಸ್ಟೆಲಿನವರು ಬೈಕು ನಿಲ್ಲಿಸುತ್ತಾರೆ. ಯಾವನೋ ಊರಿಗಾಗಿ ಕೋಟೆ ಕಟ್ಟಿದ, ಊರು ಅದಕ್ಕೆ ಬೆನ್ನು ಕೊಟ್ಟು ಬದುಕಿತು, ಅದರ ಋಣ ತೀರಿಸುವಂತೆ ಬಳಿದುಕೊಂಡು ಬಂತು. ನಡುವೆ ನಾವು ಹೋಗಿ ಎರಡನ್ನೂ ಬಿಡಿಸಿದೆವು.

ನಾನು 2021ರಲ್ಲಿ ನಿವೃತ್ತಳಾದೆ. ತರಬೇತಿಗೆ ಬರುವ ಹೊಸ ಸರ್ವೇಯರುಗಳಿಗೆ ಪಾಠ ಮಾಡಲು ಆಗಾಗ ಕರೆಯುತ್ತಾರೆ. ಹೋದಾಗಲೆಲ್ಲ ಒಂದು ಮಾತನ್ನು ಗದರಿಯೇ ಹೇಳುತ್ತೇನೆ. ಷರಾವನ್ನು ಸ್ಥಳದಲ್ಲೇ ಬರೆಯಿರಿ, ಸಂಬಂಧಪಟ್ಟವರ ಎದುರಿಗೇ ಓದಿ, ಅವರು ಹೇಳಿದ್ದನ್ನೂ ಸೇರಿಸಿ, ಆಮೇಲೆ ಸಹಿ ಕೇಳಿ. ಗಲಾಟೆಯಾದರೆ ಆಗಲಿ, ಕಲ್ಲು ಬಿದ್ದರೆ ಬೀಳಲಿ. ಅಳತೆ ಸರಿಯಿದ್ದರೆ ವರದಿ ಸರಿ ಎಂದು ನಾನು ಸರ್ವೀಸು ಪೂರ್ತಿ ನಂಬಿದ್ದೆ. ಅದು ಸುಳ್ಳು ಎಂದು ಕೆಲಸ ನನಗೆ ಕಲಿಸಿತು, ಆದರೆ ಬೇರೆಯವರ ಮನೆ ಕಳೆದು ಕಲಿಸಿತು.

ಪಾಠ ಹೇಳುವುದು ಸುಲಭ. ಪಿಳ್ಳಮ್ಮನ ಮುಖ ನೋಡುವ ಧೈರ್ಯ ಬರಲು ಎರಡು ವರ್ಷ ಬೇಕಾಯಿತು. 2023ರ ಫೆಬ್ರವರಿಯಲ್ಲಿ ವಿಳಾಸ ಹುಡುಕಿಕೊಂಡು ಹೋದೆ. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಪಿಳ್ಳಮ್ಮನೇ ಬಾಗಿಲು ತೆರೆದರು.

"ಏನ್ ಮೇಡಂ, ಈ ಮನೇನೂ ಅಳೆಯಾಕೆ ಬಂದ್ರಾ?"

ಅಷ್ಟು ಹೇಳಿ ಒಳಗೆ ಕರೆದರು, ಕುರ್ಚಿ ಎಳೆದು ಹಾಕಿದರು. ಕಂಪನಿ ಕೆಲಸ ಬಿಟ್ಟಿದ್ದರು. ಬಸ್ಸಿನಲ್ಲೇ ದಿನಕ್ಕೆ ನಾಲ್ಕು ಗಂಟೆ ಹೋಗುತ್ತಿತ್ತಂತೆ. ಈಗ ಹತ್ತಿರದ ಶಾಲೆಯೊಂದರಲ್ಲಿ ಆಯಾ. "ಅಲ್ಲಿ ನನ್ ಕೈಕೆಳ್ಗೆ ಹನ್ನೆರಡು ಜನ ಇದ್ರು, ಇಲ್ಲಿ ನಾನೇ ಎಲ್ರ ಕೈಕೆಳ್ಗೆ" ಎಂದು ನಕ್ಕರು. ನನಗೆ ನಗಲು ಆಗಲಿಲ್ಲ.

ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎಲ್ಲ ಮರೆತುಹೋಯಿತು. "ಅವತ್ತು ಕಾಲಂ ಇಲ್ಲ ಅಂದೆ ಪಿಳ್ಳಮ್ಮ. ಇತ್ತು. ನಾನೇ ಬರೀಲಿಲ್ಲ" ಎಂದಷ್ಟೇ ಹೇಳಿದೆ.

"ಗೊತ್ತು ಮೇಡಂ" ಎಂದರು. "ನೀವು ಬರ್ದಿದ್ರಲ್ಲಿ ಒಂದಕ್ಷರ ಸುಳ್ಳಿರ್ಲಿಲ್ಲ. ಉದ್ದ ಅಗಲ ಎಲ್ಲಾ ಸರಿಯಾಗೇ ಇತ್ತು. ನಮ್ಮನ್ನ ಮಾತ್ರ ಬರೀಲಿಲ್ಲ ನೀವು."

ಜೀವನದಲ್ಲಿ ಎಷ್ಟೋ ಜನರಿಂದ ಬೈಸಿಕೊಂಡಿದ್ದೇನೆ. ಇದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಕಾಫಿ ತಂದುಕೊಟ್ಟು ಎದುರಿಗೆ ಕೂತರು. "ಗೋಡೆ ಏನಾದ್ರೂ ಉಳ್ದದಾ ಮೇಡಂ?" ಎಂದು ಕೇಳಿದರು.

"ಪೂರ್ವದ ಕಡೆ ಮೂವತ್ತೊಂದು ಅಡಿ."

"ಮುಂದಿನ ತಿಂಗಳು ಯುಗಾದಿ. ಅಷ್ಟಕ್ಕಾದ್ರೂ ಬಳಿಯಾಕೆ ಬಿಡ್ತಾರಾ?"

"ಕೇಳಿ ನೋಡ್ತೀನಿ" ಎಂದೆ.

"ಕೇಳ್ಬೇಡಿ ಮೇಡಂ. ಬರ್ದು ಕೊಡಿ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನಿವೃತ್ತಳಾದ ವಿಷಯ ಅವರಿಗೆ ಗೊತ್ತಿರಲಿಲ್ಲ. ನನ್ನ ಸಹಿಗೆ ಈಗ ಯಾವ ಕಚೇರಿಯಲ್ಲೂ ಬೆಲೆಯಿಲ್ಲ ಎಂದು ಹೇಳಬೇಕಾಯಿತು. ಬೆಲೆಯಿದ್ದ ದಿನ ನಾನು ಅವರ ಹೆಸರಿನ ಮುಂದೆ ಬರೆದದ್ದು 'ಸದರಿ' ಎಂಬ ಮೂರು ಅಕ್ಷರ.